ಭಯದ ನಡುಕ, ಸಕ್ಕರೆಯ ನಡುಕ

ಬೆಳಗಿನ ಆರು ಗಂಟೆ. ಬಂಡೆಯ ಬುಡದ ರಸ್ತೆಗೆ ಅಡ್ಡಲಾಗಿ ಕೆಂಪು ಪಟ್ಟಿ ಕಟ್ಟಿದೆ. ಪಟ್ಟಿಯಾಚೆ ಎರಡು ಬಸ್ಸು, ಒಂದು ಹಾಲಿನ ಲಾರಿ ಕಾದು ನಿಂತಿವೆ. ಈಚೆ, ಸೊಂಟಕ್ಕೆ ಹಗ್ಗ ಬಿಗಿದುಕೊಂಡ ನಲವತ್ತೊಂದು ವರ್ಷದ ಹೆಂಗಸೊಬ್ಬರು ತೋಳಿಗೆ ಅಂಟಿಸಿದ, ರಕ್ತದ ಸಕ್ಕರೆ ಅಳೆಯುವ ಪುಟ್ಟ ಬಿಲ್ಲೆಯ ಹತ್ತಿರ ಮೊಬೈಲ್ ಹಿಡಿಯುತ್ತಾರೆ.

“ಎಷ್ಟಮ್ಮ?” ಹಗ್ಗದ ಇನ್ನೊಂದು ತುದಿ ಹಿಡಿದ ಸಹೋದ್ಯೋಗಿ ಕೇಳುತ್ತಾರೆ. ಅವರನ್ನು ಎಲ್ಲರೂ ಕರೆಯುವುದು ಮೀಸೆ ಮಾವ ಎಂದೇ.

“ನೂರಾ ಐವತ್ತೆರಡು, ಮಾವ.”

“ನಮ್ಮನೆ ಕರೆಂಟ್ ಮೀಟರು ಇಷ್ಟು ತೋರಿಸಿದ್ರೆ ನಿಮ್ಮತ್ತೆ ನನ್ನ ಫ್ಯಾನೇ ಆರಿಸಿಬಿಡ್ತಾಳೆ. ಸರಿ, ಬಂಡೆ ಹತ್ತು.”

ರಸ್ತೆಯ ಮೇಲೆ ಬೀಳಬಹುದಾದ ಸಡಿಲ ಕಲ್ಲುಗಳನ್ನು ಹುಡುಕಿ ಕೆಡಹುವುದು ಇವರ ಕೆಲಸ. ಬಂಡೆ ಮುಂದಕ್ಕೆ ಚಾಚಿಕೊಂಡಿರುವ ಕಡೆ ಮೇಲಿನಿಂದ ಹಗ್ಗ ಬಿಟ್ಟರೆ ಕೈಗೆಟುಕುವುದಿಲ್ಲ, ಕೆಳಗಿನಿಂದಲೇ ಹತ್ತಬೇಕು. ಎಪ್ಪತ್ತು ಅಡಿಯವರೆಗೆ ಸುತ್ತಿಗೆಯಿಂದ ತಟ್ಟುತ್ತಾ ಹೋಗುತ್ತಾರೆ. ಗಟ್ಟಿ ಕಲ್ಲು ಟಣ್ ಎನ್ನುತ್ತದೆ, ಬಿಟ್ಟುಕೊಂಡದ್ದು ಡೊಬ್ ಎನ್ನುತ್ತದೆ.

ಹದಿನಾಲ್ಕನೇ ವಯಸ್ಸಿನಿಂದ ಈ ಹೆಂಗಸಿಗೆ ಟೈಪ್ ಒನ್ ಮಧುಮೇಹ. ದೇಹ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿದೆ. ದಿನಕ್ಕೆ ನಾಲ್ಕು ಚುಚ್ಚುಮದ್ದು. ಫ್ರಿಜ್ ಬಾಗಿಲಲ್ಲಿ ಮೊಟ್ಟೆಗಳ ಪಕ್ಕ ಔಷಧಿಯ ಸಾಲಿದೆ. ಅಡುಗೆಮನೆಯ ಪುಟ್ಟ ತಕ್ಕಡಿಯಲ್ಲಿ ಗಂಡ ಬೆಳಗಿನ ತಿಂಡಿ ತೂಗಿ ಬಡಿಸುತ್ತಾರೆ. “ಎಷ್ಟು ತಿನ್ನಬೇಕು ಅಂತ ಹಸಿವು ಹೇಳಲ್ಲ, ಬಂಡೆ ಹೇಳುತ್ತೆ. ದೊಡ್ಡ ಬಂಡೆ ಇದ್ದ ದಿನ ಇನ್ಸುಲಿನ್ ಕಮ್ಮಿ, ತಿಂಡಿ ಜಾಸ್ತಿ,” ಎನ್ನುತ್ತಾರೆ ಆಕೆ.

ಎರಡು ತಿಂಗಳ ಹಿಂದೆ ಅವರೊಂದು ತಪ್ಪು ಮಾಡಿದರು. ಐವತ್ತು ಅಡಿಯಲ್ಲಿ ಕಾಲಡಿಯ ಕಲ್ಲು ಜಾರಿತು. ಕೈ ನಡುಗಿತು, ಬೆವರಿತು, ಎದೆ ಹೊಡೆದುಕೊಂಡಿತು. “ಹೆದರಿಕೆ ಅಂದ್ಕೊಂಡೆ. ಹೆದರಿದ್ರೂ, ಸಕ್ಕರೆ ಇಳಿದ್ರೂ ಮೈಗೆ ಆಗೋದು ಒಂದೇ ಥರ. ‘ಏನೇ ಹೇಡಿ’ ಅಂತ ನನ್ನನ್ನೇ ಬೈಕೊಂಡು ಇನ್ನೂ ಮೇಲೆ ಹೋದೆ.” ಸುತ್ತಿಗೆ ಕೈಯಿಂದ ಜಾರಿ ಖಾಲಿ ರಸ್ತೆಗೆ ಬಿತ್ತು. ಮೀಸೆ ಮಾವ ಅವರನ್ನು ಇಳಿಸಿಕೊಂಡಾಗ ಸಕ್ಕರೆ ಇಳಿದು ಮಾತು ತೊದಲುತ್ತಿತ್ತು.

ಕಚೇರಿ ಎರಡು ತಿಂಗಳ ಗಡುವು ಕೊಟ್ಟಿತು. ಆಮೇಲೂ ಅವರ ಮೇಲೆ ನಂಬಿಕೆ ಬರದಿದ್ದರೆ ಬಂಡೆ ಬಿಟ್ಟು ಉಗ್ರಾಣದ ಕೆಲಸಕ್ಕೆ. ಗಡುವಿನ ಕೊನೆಯ ದಿನ ಇವತ್ತು. ತೀರ್ಮಾನಿಸಬೇಕಾದ ಎಂಜಿನಿಯರ್ ಮೇಡಂ ಕಡತ ಹಿಡಿದು ಕೆಳಗೆ ನಿಂತಿದ್ದಾರೆ.

ನಲವತ್ತು ಅಡಿ ಏರಿದ ಮೇಲೆ ಕಲ್ಲೊಂದು ಡೊಬ್ ಎನ್ನುತ್ತದೆ. ಹಾರೆ ಸಂದಿಗೆ ಸೇರುವಷ್ಟರಲ್ಲಿ ಬೆರಳು ನಡುಗುತ್ತದೆ. ಅವರು ಹಾರೆಯನ್ನು ಸೊಂಟಕ್ಕೆ ಸಿಕ್ಕಿಸಿ ಮೊಬೈಲ್ ತೆಗೆಯುತ್ತಾರೆ. ಎಪ್ಪತ್ತನಾಲ್ಕು, ಬಾಣದ ಗುರುತು ಕೆಳಮುಖ: ಸಕ್ಕರೆ ಇನ್ನೂ ಇಳಿಯುತ್ತಿದೆ. ಕಲ್ಲು ಬೀಳಲು ಇನ್ನೆರಡು ಏಟು ಸಾಕು.

“ಇಳಿಸಿ, ಮಾವ!”

ಕೆಳಗೆ ಬಂದು ಗ್ಲೂಕೋಸ್ ಬಿಲ್ಲೆಗಳನ್ನು ಅಗಿಯುತ್ತಾ ರಸ್ತೆಯಂಚಿನಲ್ಲಿ ಕೂರುತ್ತಾರೆ. ಬಸ್ಸು ಹಾರನ್ ಹೊಡೆಯುತ್ತದೆ. “ಬಾಯಿ ಮುಚ್ಚೋ, ನಿನ್ನ ತಲೆ ಉಳಿಸೋಕೇ ಕೂತಿರೋದು!” ಎಂದು ಮೀಸೆ ಮಾವ ಗದರುತ್ತಾರೆ.

ಎಂಜಿನಿಯರ್ ಹತ್ತಿರ ಬರುತ್ತಾರೆ. “ಇವತ್ತೇ ಇಳಿದ್ರಲ್ಲ. ಎರಡು ಏಟಿನ ಕೆಲಸ ಇತ್ತು.”

“ಇವತ್ತು ಇಳೀದೇ ಇದ್ದಿದ್ರೆ, ನಾಳೆ ಯಾವ ಧೈರ್ಯದ ಮೇಲೆ ಕಳಿಸ್ತಿದ್ರಿ ಮೇಡಂ?”

ಅರ್ಧ ಗಂಟೆಯ ನಂತರ ಬೆರಳು ಚುಚ್ಚಿ ನೋಡಿದರೆ ನೂರಾ ಮೂವತ್ತೊಂದು. ಅವರು ಮತ್ತೆ ಹತ್ತುತ್ತಾರೆ. ಕೈ ಈಗಲೂ ಸ್ವಲ್ಪ ನಡುಗುತ್ತಿದೆಯಂತೆ. “ಇದು ಬರೀ ಹೆದರಿಕೆ, ಬಿಡಿ!” ಎಂದು ಮೇಲಿನಿಂದ ಕೂಗಿ ನಗುತ್ತಾರೆ. ಎರಡಲ್ಲ, ಐದು ಏಟು ಬೇಕಾಗುತ್ತವೆ. ಕುರ್ಚಿಯಷ್ಟು ದೊಡ್ಡ ಕಲ್ಲು ರಸ್ತೆಯಂಚಿಗೆ ಕಟ್ಟಿದ ಬಲೆಗೆ ಬೀಳುತ್ತದೆ.

ಎಂಜಿನಿಯರ್ ಕಡತಕ್ಕೆ ಸಹಿ ಹಾಕುತ್ತಾರೆ. ಉಗ್ರಾಣವಲ್ಲ, ಬಂಡೆಯ ಕೆಲಸವೇ ಮುಂದುವರಿಯಲಿ ಎಂದು ಅದರಲ್ಲಿದೆ. ರಸ್ತೆ ಮುಚ್ಚುವ ಅವಧಿಗೆ ಅರ್ಧ ಗಂಟೆ ಸೇರಿಸಬೇಕು ಎಂದೂ ಬರೆದಿದೆ.

ಪಟ್ಟಿ ಬಿಚ್ಚಿದ್ದೇ ತಡ, ಬಸ್ಸುಗಳು ಹೊರಡುತ್ತವೆ. ಕಿಟಕಿಗಳಲ್ಲಿ ನಿದ್ದೆಗಣ್ಣು, ಮೊಬೈಲ್ ನೋಡುತ್ತಿರುವ ಮುಖಗಳು. ಯಾರೂ ತಲೆಯೆತ್ತುವುದಿಲ್ಲ. ಬೇಜಾರಾಗುವುದಿಲ್ಲವೇ ಎಂದು ಕೇಳಿದರೆ ಅವರು ಹಗ್ಗ ಸುತ್ತುತ್ತಲೇ ಹೇಳುತ್ತಾರೆ: “ಅಯ್ಯೋ, ಬೇಡಪ್ಪ. ಜನ ಮೇಲೆ ನೋಡಿದ್ರೆ ಏನೋ ಬೀಳ್ತಿದೆ ಅಂತ ಅರ್ಥ.”