ಖಾಲಿ ಬರಬಾರದ ಟ್ರಕ್

ನನ್ನ ಗಂಡ ಗಲ್ಫ್ ಬಿಟ್ಟು ಬಂದು ಆಗ ಏಳು ತಿಂಗಳಾಗಿತ್ತು. ಅಲ್ಲಿ ಒಬ್ಬರ ಮನೆಯ ಕಾರು ಓಡಿಸುತ್ತಿದ್ದರು. "ಒಂದು ಸಣ್ಣ ಟ್ರಕ್ ಸರಿಯಾಗಿ ಕೈಗೆ ಸಿಕ್ಕಿದರೆ ಇಲ್ಲೇ ಬಾಡಿಗೆ ಮಾಡಿಕೊಂಡು ಇರ್ತೇನೆ. ಇಲ್ಲದಿದ್ರೆ ಮತ್ತೆ ವಿಮಾನ ಹತ್ತುವುದೇ," ಎಂದಿದ್ದರು. ಆ ಮಾತು ಕೇಳಿದಂದಿನಿಂದ ನಾನು ಹರಕೆ ಹೊತ್ತು ಪ್ರತಿ ಶುಕ್ರವಾರ ಒಂದು ಹೊತ್ತಿನ ಊಟ ಬಿಟ್ಟಿದ್ದೆ. ಹದಿನಾರು ವರ್ಷ ಫೋನಿನಲ್ಲಿ ಸಂಸಾರ ಮಾಡಿ ಸಾಕಾಗಿತ್ತು.

ಸುರತ್ಕಲ್‌ನಲ್ಲಿ ಅಡುಗೆ ಕಂಟ್ರಾಕ್ಟ್ ಮಾಡುತ್ತಿದ್ದವರೊಬ್ಬರ ಟ್ರಕ್ ಸಿಕ್ಕಿತು. ಎರಡು ಮಳೆಗಾಲ ನಿಂತಲ್ಲೇ ನಿಂತ ಗಾಡಿ. ಎಂಜಿನ್ ಗುರುಗುಟ್ಟುತ್ತಿತ್ತು, ಬ್ರೇಕ್ ಇರಲಿಲ್ಲ. ಓಡಿಸಿಕೊಂಡು ಪಡೀಲಿನ ನಮ್ಮ ಮನೆಗೆ ತರುವ ಮಾತೇ ಇಲ್ಲ. ಆದ್ದರಿಂದ ಟ್ರೈಲರ್ ಇರುವ ಬ್ಯಾರಿ ಮುಸ್ಲಿಂ ಹಿರಿಯರೊಬ್ಬರನ್ನು ಗೊತ್ತು ಮಾಡಿದರು. ಅವರನ್ನು ಎಲ್ಲರೂ ಕಾಕ ಎನ್ನುತ್ತಿದ್ದರು. ತಮ್ಮ ಪಿಕಪ್‌ನ ಹಿಂದೆ ಟ್ರೈಲರ್ ಸಿಕ್ಕಿಸಿಕೊಂಡು ಮೀನುಗಾರಿಕೆಯ ದೋಣಿ ಸಾಗಿಸುವುದು ಅವರ ಕೆಲಸ.

ಹೊರಡುವಾಗ ಅತ್ತೆ ಒಂದು ಮಾತು ಹೇಳಿದ್ದರು. "ಕೊಂಡ ಗಾಡಿ ಖಾಲಿ ಹೊಟ್ಟೆಯಲ್ಲಿ ಅಂಗಳಕ್ಕೆ ಬರಬಾರದು. ಅಕ್ಕಿ ಹಾಕಿಯೇ ತನ್ನಿ. ಮನೆಯ ಹೆಂಗಸು ಜೊತೆಯಲ್ಲಿರಲಿ." ಹಾಗಾಗಿ ನಾನೂ ಹೋದೆ. ಹಿಂದಿನ ದಿನ ಮಳೆ ಸುರಿದಿತ್ತು, ಅಂದು ಬಿಟ್ಟಿತ್ತು. ಅದೊಂದು ದೇವರ ದಯೆ.

ಟ್ರಕ್ಕನ್ನು ಟ್ರೈಲರ್ ಮೇಲೆ ಎಳೆಯುವುದಕ್ಕೇ ಒಂದು ಗಂಟೆ ಹಿಡಿಯಿತು. ಕಾಕ ಚಕ್ರಗಳಿಗೆ ಮರದ ತುಂಡು ಕೊಟ್ಟರು, ನಾಲ್ಕು ಮೂಲೆಗೂ ಬೆಲ್ಟ್ ಬಿಗಿದರು, ಸರಪಳಿ ಹಾಕಿದರು, ಹಿಂದಿನ ಕೆಂಪು ದೀಪ ಉರಿಯುತ್ತದೆಯೇ ಎಂದು ಎರಡು ಸಲ ನೋಡಿದರು. ಅಷ್ಟರಲ್ಲಿ ನನ್ನ ಗಂಡ ಪಕ್ಕದ ಅಂಗಡಿಯಿಂದ ಅಕ್ಕಿ ತರಿಸಿದರು. ಒಂದಲ್ಲ, ಮೂರು ಮೂಟೆ. ಮೇಲಕ್ಕೆ ಹೊತ್ತು ತಂದವನು ಟ್ರಕ್‌ನ ಹಿಂಬಾಗಿಲ ಬಳಿಯೇ, ತೀರಾ ಹಿಂದೆ, ಒಂದರ ಮೇಲೊಂದು ಇಟ್ಟುಹೋದ. ಕಾಕ ಮೂಟೆಗಳನ್ನು ನೋಡಿದರು, ಏನೋ ಹೇಳಲು ಬಾಯಿ ತೆರೆದರು.

"ಅದು ನಮ್ಮದೊಂದು ಕ್ರಮ ಕಾಕ," ಎಂದರು ಇವರು.

"ಓ, ಹಾಗಾ," ಎಂದು ಕಾಕ ಸುಮ್ಮನಾದರು.

ಪಿಕಪ್‌ನಲ್ಲಿ ನಾವು ಮೂವರೂ ಒತ್ತಿಕೊಂಡು ಕುಳಿತೆವು. ನಾನು ಕಿಟಕಿಯ ಬದಿ. ಬೈಕಂಪಾಡಿಯಲ್ಲಿ ಕಾಕ ನಿಲ್ಲಿಸಿ, ಸಡಿಲಾದ ಬೆಲ್ಟುಗಳನ್ನು ಮತ್ತೊಮ್ಮೆ ಬಿಗಿದರು. ಪಣಂಬೂರು ದಾಟಿದ ಮೇಲೆ ಒಂದು ಬಸ್ಸು ನಮ್ಮನ್ನು ಹಿಂದಿಕ್ಕಿ ಹೋಯಿತು. ಆಗ ನಮ್ಮ ಪಿಕಪ್‌ನ ಹಿಂಭಾಗವನ್ನು ಯಾರೋ ಹಿಡಿದು ಅಲ್ಲಾಡಿಸಿದ ಹಾಗಾಯಿತು. ಬದಿಯ ಕನ್ನಡಿಯಲ್ಲಿ ಟ್ರಕ್ ಒಮ್ಮೆ ಕಾಣುತ್ತಿತ್ತು, ಒಮ್ಮೆ ಇಲ್ಲ. ಕಾಕ ಬ್ರೇಕ್ ಒತ್ತಲಿಲ್ಲ. ಆಕ್ಸಿಲರೇಟರ್‌ನಿಂದ ಕಾಲು ಎತ್ತಿ, ಸ್ಟೇರಿಂಗ್ ನೆಟ್ಟಗೆ ಹಿಡಿದು, ವೇಗ ತಾನಾಗಿ ಇಳಿಯುವ ತನಕ ಕಾದರು. ನಾನು 'ಅಮ್ಮಾ ತಾಯೀ' ಎಂದಷ್ಟೇ ಹೇಳಿಕೊಂಡೆ. ಇನ್ನುಳಿದ ಸ್ತೋತ್ರವೆಲ್ಲ ಮರೆತುಹೋಗಿತ್ತು.

ಕೂಳೂರು ಸೇತುವೆಗೆ ಸ್ವಲ್ಪ ಮೊದಲು ಬದಿಗೆ ನಿಲ್ಲಿಸಿದರು. ಇಳಿದು ಟ್ರೈಲರ್ ಸುತ್ತ ಒಂದು ಸುತ್ತು ಬಂದರು.

"ತಪ್ಪು ನನ್ನದು ಅಕ್ಕ. ಭಾರ ಎಲ್ಲ ಬಾಲದಲ್ಲಿ ಉಂಟು. ಮುಂದೆ ಕೊಂಡಿ ಹಗುರ ಆಗಿದೆ, ಹಾಗಾಗಿ ಬಾಲ ಬೀಸುವುದು. ದೋಣಿ ಆಗಿದ್ರೆ ಆಗಲೇ ಹೇಳ್ತಿದ್ದೆ. ನಿಮ್ಮ ದೇವರ ಕ್ರಮ ಅಂದ್ರಲ್ಲ, ನಾನು ಎಂತ ಹೇಳುವುದು ಅಂತ ಸುಮ್ಮನಾದೆ."

"ಈಗ ಎಂತ ಮಾಡುವುದು?" ಎಂದರು ಇವರು.

"ಮೂಟೆ ಇಳಿಸಿ ನನ್ನ ಪಿಕಪ್‌ಗೆ ಹಾಕುವ."

ಇವರ ಮುಖ ಸಣ್ಣದಾಯಿತು. "ಆಗ ಟ್ರಕ್ ಖಾಲಿ ಬಂದ ಹಾಗೆ ಆಗ್ತದಲ್ಲ. ಅಮ್ಮನಿಗೆ ಎಂತ ಹೇಳುವುದು? ನಿಧಾನ ಹೋದ್ರೆ ಆಗುವುದಿಲ್ವಾ?"

"ಸೇತುವೆ ಮೇಲೆ ಗಾಳಿ ಉಂಟು," ಎಂದರು ಕಾಕ. ಅಷ್ಟೇ.

ನನಗೆ ಸೊಂಟ ನೋಯುತ್ತಿತ್ತು, ಬೆಳಗ್ಗೆ ಕುಡಿದ ಚಾ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ವಾದ ಮಾಡುವ ಶಕ್ತಿ ಇರಲಿಲ್ಲ. "ಖಾಲಿ ಬಂದ್ರೆ ಅತ್ತೆ ನನಗೆ ಬೈಯಲಿ," ಎಂದೆ. "ಅದು ಹೊಳೆಗೆ ಬಿದ್ರೆ ನೀವು ವಿಮಾನ ಹತ್ತುತ್ತೀರಿ. ನನಗೆ ಬೈಗುಳವೇ ಆಗಬಹುದು."

ಇವರು ಲುಂಗಿ ಎತ್ತಿ ಕಟ್ಟಿದರು.

ಇಬ್ಬರೂ ಸೇರಿ ಮೂಟೆ ಇಳಿಸಿದರು. ಕಾಕನಿಗೆ ಅರವತ್ತು ದಾಟಿರಬೇಕು, ಮೂರನೆಯದಕ್ಕೆ ಏದುಸಿರು ಬಿಟ್ಟರು. ಒಂದು ಮೂಟೆಯ ಹೊಲಿಗೆ ಬಿಚ್ಚಿ ನಾನು ಮೂರು ಹಿಡಿ ಅಕ್ಕಿಯನ್ನು ಕರವಸ್ತ್ರದಲ್ಲಿ ಕಟ್ಟಿದೆ. ಸೀರೆ ಒಟ್ಟು ಮಾಡಿಕೊಂಡು ಟ್ರೈಲರ್ ಹತ್ತಿ ಟ್ರಕ್‌ನ ಸೀಟಿನ ಮೇಲೆ ಇಟ್ಟೆ. ಅಷ್ಟು ಭಾರಕ್ಕೆ ಯಾವ ಟ್ರೈಲರೂ ಬೀಸುವುದಿಲ್ಲ. ದೇವರಿಗೂ ಅಷ್ಟು ಸಾಕೆಂದು ನನ್ನ ನಂಬಿಕೆ. ಕಾಕ ಮತ್ತೆ ನಾಲ್ಕೂ ಬೆಲ್ಟ್ ನೋಡಿ, ತಮ್ಮ ಬಾಟಲಿಯ ನೀರು ಮೊದಲು ನನಗೆ ಕೊಟ್ಟರು.

ಸೇತುವೆಯ ಮೇಲೆ ಕನ್ನಡಿಯಲ್ಲಿ ಟ್ರಕ್ ಇದ್ದ ಜಾಗದಲ್ಲೇ ಇತ್ತು. ನಂತೂರಿನ ವಾಹನಗಳ ನಡುವೆ ಅರ್ಧ ಗಂಟೆ ಸಿಕ್ಕಿಕೊಂಡೆವು. ಬಿಕರ್ನಕಟ್ಟೆಯಲ್ಲಿ ಬಾಲಯೇಸುವಿನ ಚರ್ಚಿಗೂ ಕೈ ಮುಗಿದೆ. ಆ ಹೊತ್ತಿಗೆ ಕೈ ಎತ್ತುವುದೂ ಭಾರವಾಗಿತ್ತು.

ಮನೆ ಮುಟ್ಟುವಾಗ ಎರಡು ಗಂಟೆ. ಅತ್ತೆ ಟ್ರಕ್‌ನ ಹಿಂದೆ ಇಣುಕಿದರು, ಪಿಕಪ್‌ನ ಮೂಟೆಗಳನ್ನೂ ನೋಡಿದರು. ನಾನು ನಡೆದದ್ದನ್ನು ನಡೆದ ಹಾಗೆ ಹೇಳಿದೆ.

"ಮೂರು ಮೂಟೆ ಎಂತಕ್ಕೆ ಮಾರಾಯ?" ಎಂದು ಮಗನನ್ನು ಕೇಳಿದರು. "ಅಕ್ಕಿ ಅಂದದ್ದು ನಾನು. ಮದುವೆಯ ಊಟಕ್ಕೆ ಹೇಳಿದ್ದಾ?"

ಕಾಕ ಬೆಲ್ಟ್ ಬಿಚ್ಚುತ್ತಾ ಆಚೆ ತಿರುಗಿ ನಕ್ಕರು. ಇವರು ನಗಲಿಲ್ಲ. ಟ್ರಕ್ಕನ್ನು ಮೆಲ್ಲನೆ ಇಳಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಕಾಕನಿಗೆ ಊಟ ಬಡಿಸಲು ಹೇಳಿದರು. ನಾನು ಗಂಜಿಯ ಜೊತೆ ಚಟ್ನಿ ಇಟ್ಟೆ, ಬೇರೇನೂ ಮಾಡಲು ಕೈ ಬರಲಿಲ್ಲ. ಇಬ್ಬರೂ ಅದನ್ನೇ ಎರಡೆರಡು ಸಲ ಹಾಕಿಸಿಕೊಂಡು ಉಂಡರು.

ಉಣ್ಣುತ್ತಾ ಇವರು ಕಾಕನನ್ನು ಕೇಳಿದರು: "ಬ್ರೇಕ್ ಬಿಚ್ಚಿ ಸರಿ ಮಾಡುವವರು ಈ ಕಡೆ ಯಾರಿದ್ದಾರೆ? ನಾಳೆಯೇ ಕರೀಬೇಕು. ಬರುವ ವಾರದಿಂದ ಬಾಡಿಗೆಗೆ ಹೋಗುವ ಅಂತ ಉಂಟು."

ನಾನು ಒಳಗೆ ಹೋಗಿ, ಅಡುಗೆಮನೆಯ ನೆಲದ ಮೇಲೆ, ಗೋಡೆಗೆ ಒರಗಿ ಕುಳಿತೆ.