ಅಪ್ಪ ಊಟಕ್ಕೆ ಕೂತಿದ್ದರು

ಶುಕ್ರವಾರ ಮಧ್ಯಾಹ್ನ ಮಸ್ಕತ್ತಿನ ನಮ್ಮ ಮನೆಯ ಮುಚ್ಚಿದ ಬಾಗಿಲ ಹೊರಗೆ ನಾವು ನಾಲ್ವರು ನಿಂತಿದ್ದೆವು: ವಿಸಿಟ್ ವೀಸಾದಲ್ಲಿ ಬಂದಿದ್ದ ಅಮ್ಮ, ನನ್ನ ಹೆಂಡತಿ, ಮಗಳು, ನಾನು. ಒಳಗೆ ಅಪ್ಪ ಊಟಕ್ಕೆ ಕೂತಿದ್ದರು. ಅವರು ತೀರಿಹೋಗಿ ಆಗಲೇ ವರ್ಷವಾಗಿತ್ತು.

ನಮ್ಮ ಕರಾವಳಿಯಲ್ಲಿ ಹಿರಿಯರಿಗೆ ಬಡಿಸುವ ಕ್ರಮವೇ ಹಾಗೆ. ತೀರಿಹೋದವರ ಬಾಯಿಗೆ ಹಿತವಾಗಿದ್ದದ್ದನ್ನೆಲ್ಲ ಮಾಡಿ, ಎಲೆ ಹಾಕಿ ಬಡಿಸಿ, ಬಾಗಿಲೆಳೆದುಕೊಂಡು ಮನೆಮಂದಿ ಹೊರಗೆ ಬರಬೇಕು. ಬದುಕಿರುವವರ ಕಣ್ಣೆದುರು ಅವರು ಉಣ್ಣುವುದಿಲ್ಲ. ಉಂಡು ಮುಗಿಯುವಷ್ಟು ಹೊತ್ತು ಕಾದು, ಬಾಗಿಲು ಬಡಿದು ಸೂಚನೆ ಕೊಟ್ಟೇ ಒಳಗೆ ಹೋಗುವುದು. ನಡುವೆ ಬಡಿದರೆ ಅರೆಹೊಟ್ಟೆಯಲ್ಲಿ ಎಬ್ಬಿಸಿದಂತೆ. ಅಂದು ಎಲೆಯಲ್ಲಿ ಬಂಗುಡೆ ಪುಳಿಮುಂಚಿ, ಕೋಳಿ ಸುಕ್ಕ, ಸುಟ್ಟ ಒಣಮೀನು.

"ಅಜ್ಜ ತುಂಬಾ ಸ್ಲೋ," ಎಂದಳು ಮಗಳು.

"ಮುಳ್ಳು ಬಿಡಿಸಿ ತಿನ್ನುವ ಜನ ಅವರು. ಹೊತ್ತು ಹಿಡೀತದೆ," ಎಂದಳು ಅಮ್ಮ.

ಅಷ್ಟರಲ್ಲಿ ಲಿಫ್ಟಿನಿಂದ ಕಟ್ಟಡದ ಸೂಪರ್‌ವೈಸರ್ ಇಳಿದ. ನಮ್ಮ ದೇಶದವನೇ, ಉತ್ತರದ ಕಡೆಯವನು. "ಭಾಯಿಸಾಬ್, ಎದುರು ಮನೆಯಿಂದ ಮತ್ತೆ ಕಂಪ್ಲೇಂಟ್. ಇಂಡಿಯನ್ ಸ್ಮೆಲ್ ಅಂತೆ," ಎಂದ ಹಿಂದಿಯಲ್ಲಿ.

ಎದುರು ಮನೆಯವರು ಯುರೋಪಿನವರು. ಅವರು ಬಾಲ್ಕನಿಯಲ್ಲಿ ಮಾಂಸ ಸುಡುವ ಹೊಗೆ ನಮ್ಮ ಮಲಗುವ ಕೋಣೆಗೇ ಬರುತ್ತದೆ. ಅದಕ್ಕೆ ಬಾರ್ಬೆಕ್ಯೂ ಎಂದು ಹೆಸರು. ನಾವು ಈರುಳ್ಳಿ ಬಾಡಿಸಿದರೂ ಅದು ದೂರು. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಬಾಯಿ ತನ್ನಷ್ಟಕ್ಕೆ ಸಾರಿ ಎನ್ನುತ್ತದೆ. ಅಂದೂ ಎಂದೆ.

"ಬಾಗಿಲು ತೆಗೀರಿ. ಏನು ಸುಡ್ತಿದ್ದೀರಿ ನೋಡ್ಬೇಕು."

"ಸ್ವಲ್ಪ ಹೊತ್ತು ಕೊಡಿ."

"ಯಾಕೆ, ಒಳಗೆ ಯಾರಿದ್ದಾರೆ?"

"ನಮ್ಮ ತಂದೆ. ಊಟ ಮಾಡ್ತಿದ್ದಾರೆ."

"ಹಾಗಾದ್ರೆ ಅವರನ್ನೇ ಕರೀರಿ."

ಅಮ್ಮನಿಗೆ ಹಿಂದಿ ಬಾರದು. "ಎಂತ ಅಂತೆ ಅವನಿಗೆ?"

"ಮೀನಿನ ವಾಸನೆ ಅಂತೆ."

"ಮೀನಿಗೆ ಮತ್ತೆ ಮಲ್ಲಿಗೆಯ ವಾಸನೆ ಬರ್ತದಾ ಮಾರಾಯ? ನಿಲ್ಲಲಿಕ್ಕೆ ಹೇಳು. ಅವರದ್ದಾದ ಮೇಲೆ ಇವನಿಗೂ ಬಡಿಸ್ತೇನೆ."

ಅವನು ನಿಲ್ಲಲಿಲ್ಲ. "ನಿಮ್ಮಂಥವರಿಂದ ಇಲ್ಲಿ ಎಲ್ಲ ಇಂಡಿಯನ್ನರಿಗೂ ಕೆಟ್ಟ ಹೆಸರು. ಇನ್ನು ನಿಮ್ಮವರಿಗೆ ಮನೆ ಕೊಡಬೇಡ ಅಂತ ಓನರ್ ನನ್ನನ್ನೇ ಬೈತಾರೆ," ಎಂದ. ಅರ್ಧ ಜೋರು, ಅರ್ಧ ಗೋಗರೆತ. 'ನಿಮ್ಮವರು' ಎಂದನಲ್ಲ, ತಾನು ಯಾರವನೋ! ನನ್ನನ್ನು ದಾಟಿ ಕೈ ಚಾಚಿದವನೇ ಬಾಗಿಲನ್ನು ದಬದಬ ಬಡಿದ.

"ಅಯ್ಯೋ, ಎಬ್ಬಿಸಿಬಿಟ್ಟನಲ್ಲ," ಎಂದಳು ಅಮ್ಮ.

ಇನ್ನು ಕಾಯುವುದರಲ್ಲಿ ಅರ್ಥವಿರಲಿಲ್ಲ. ಬಾಗಿಲು ತೆಗೆದೆ. ಉರಿಯುವ ದೀಪ, ನೆಲದ ಮೇಲೆ ತುಂಬಿದ ಎಲೆ, ಅದರ ಮುಂದೆ ಖಾಲಿ ಮಣೆ. ಅವನು ಹೊಸ್ತಿಲ ಮೇಲಿಟ್ಟಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡ.

"ಮೊದಲೇ ಹೇಳಬಾರದಿತ್ತಾ?"

"ಹೇಳಿದೆನಲ್ಲ," ಎಂದೆ.

ಕಿಟಕಿ ತೆರೆದಿಡಿ ಎಂದು ಮೆಲ್ಲಗೆ ಹೇಳಿ ಹೋದ. ಅಮ್ಮ ಎಲೆಯ ಹತ್ತಿರ ಕೂತು ಬಹಳ ಹೊತ್ತು ನೋಡಿದಳು. "ಮೀನು ಮುಟ್ಟಿದ ಹಾಗೆ ಕಾಣುದಿಲ್ಲ," ಎಂದಳು. ಇನ್ನೊಮ್ಮೆ ಬಡಿಸೋಣ ಎಂದು ಹೆಂಡತಿ ಹೇಳಿ ನೋಡಿದಳು. "ಈ ಮನೆಯಲ್ಲಿ ಬೇಡ ಮಗಳೇ. ಮರ್ಯಾದೆ ಇಲ್ಲದ ಕಡೆ ಅವರು ಎರಡನೇ ಸಲ ಕೂರುವವರಲ್ಲ."

ಮುಂದಿನ ವಾರ ಅಮ್ಮ ಉಡುಪಿಗೆ, ಅಕ್ಕನ ಮನೆಗೆ ಹೊರಟಳು. ಹೋದ ಮರುದಿನವೇ ಬಂಗುಡೆ ತರಿಸಿ ಎಲೆ ಹಾಕಿದಳೆಂದು ಅಕ್ಕ ಫೋನಿನಲ್ಲಿ ಹೇಳಿದಳು.