ಒತ್ತಿದಷ್ಟೂ ಹೊಸನಗರಕ್ಕೆ ಕೇಳಿತು

ಹಾಸ್ಟೆಲಿನ ಗೆಳೆಯರೇ, ಇವತ್ತು ಮಧ್ಯಾಹ್ನ ಸಾಗರದ ಅಂಚೆ ಕಚೇರಿಗೆ ಹೋಗಿ, ಹೊಸನಗರದಲ್ಲಿರುವ ಅಪ್ಪನಿಗೆ ತಂತಿ ಕೊಟ್ಟೆ. ಫಾರಂನಲ್ಲಿ ಬರೆದದ್ದು ಮೂರೇ ಮಾತು: ಲೀವಿಂಗ್ ಕಾಲೇಜ್ ಟುಡೇ. ಫಿಸಿಕ್ಸ್ ಟೆಸ್ಟಿನಲ್ಲಿ ಫೇಲಾದ ಮೇಲೆ ನನಗೆ ಇಲ್ಲಿರುವ ಧೈರ್ಯವೇ ಉಳಿದಿರಲಿಲ್ಲ.

ತಂತಿ ಮಾಸ್ತರರು ಯಂತ್ರದ ಗುಂಡಿಯನ್ನು ಕಟಕಟ ಒತ್ತತೊಡಗಿದರು. ಅಪ್ಪನ ಹೆಸರು, ವಿಳಾಸ ಹೋಗಿ ಎರಡನೆಯ ಮಾತು ಮುಗಿಯುವಷ್ಟರಲ್ಲಿ ಅಪ್ಪನ ಮುಖ ನೆನಪಾಗಿ ಹೆದರಿಕೆಯಾಯಿತು.

"ಸಾರ್, ನಿಲ್ಸಿ. ಪೂರ್ತಿ ಒತ್ತಿದ ಮೇಲೆ ಒಟ್ಟಿಗೆ ಹೋಗೋದಲ್ವಾ?"

"ಎಲ್ಲಿ ಒಟ್ಟಿಗೆ ಮಾರಾಯ? ನಾನು ಒತ್ತಿದ ಹಾಗೇ ಅಲ್ಲಿ ಕೇಳ್ತಾ ಹೋಗುತ್ತೆ. ಬರೆದದ್ದು ಅಳಿಸಿ ಅಂತ ಹೇಳ್ಬಹುದು. ಕೇಳಿದ್ದು ಮರೀರಿ ಅನ್ನಕ್ಕಾಗುತ್ತಾ?"

ಆದರೂ ಗುಂಡಿ ಒತ್ತಿ ಆ ಕಡೆಯವರಿಗೆ ಅಳಿಸಲು ಹೇಳಿದರು. ಹೊಸನಗರದ ಕಚೇರಿಯಲ್ಲಿ ಕುಳಿತು ಕೇಳುವವರು ಅಪ್ಪನ ಜೊತೆ ದಿನಾ ಸಂಜೆ ಎಲೆಯಡಿಕೆ ಹಾಕುವವರು. ಅಲ್ಲಿಂದ ಕೂಡಲೇ ಕಟಕಟ ಬಂತು.

"ಏನಂತೆ ಸಾರ್?"

"ಅಳಿಸಿದಾರಂತೆ. ಹುಡುಗನಿಗೆ ಹಾಸ್ಟೆಲ್ ಊಟ ಸೇರ್ತಿದ್ಯಾ ಅಂತ ಕೇಳ್ತಿದಾರೆ."

ಸೇರುತ್ತದೆ ಎಂದು ಹೇಳಿಸಿ ಬಂದೆ. ನಾಳೆ ಫಿಸಿಕ್ಸ್ ಕ್ಲಾಸಿಗೆ ಬರುತ್ತೇನೆ. ಮೊದಲ ಬಸ್ಸಿಗೆ ಅಪ್ಪನೂ ಬರಬಹುದು.